13.1905 ಅಂದ್ರೆ ಎಲ್ಲಿ?

ಜೂನ್ 14, 2025, ಶನಿವಾರ
ಚಿಕ್ಕಮಗಳೂರು

ಇವತ್ತು ಪೂರ್ತಿ ಮಳೆಮಾಪಕಗಳ ಪಟ್ಟಿ ಹಿಡ್ಕೊಂಡು ಕೂತಿದ್ದೆ. ನಮ್ ಕಡೆ ಕಾಫಿ ತೋಟದವ್ರು ತಲೆಮಾರುಗಳಿಂದ ಮಳೆ ಬರೆದಿಡ್ತಾರೆ, ಇಂಚು ಸೆಂಟು ಲೆಕ್ಕದಲ್ಲಿ, ಆ ಡೈರಿಗಳನ್ನೆಲ್ಲ ಒಂದೇ ಮ್ಯಾಪಿಗೆ ತರೋಣ ಅಂತ ನಾವೊಂದಷ್ಟು ಜನ ಸೇರ್ಕೊಂಡು ಶುರು ಮಾಡಿರೋ ಕೆಲ್ಸ ಇದು. ಮಳೆ ಅಂಕಿಗಳು ಚೆನ್ನಾಗೇ ಬಂದಿವೆ. ತಲೆನೋವಿರೋದು ಮಾಪಕ ಎಲ್ಲಿದೆ ಅನ್ನೋ ಕಾಲಮ್‌ನಲ್ಲಿ. ಒಬ್ರು ಫೋನಿಂದ ಕಾಪಿ ಮಾಡಿ ಅಕ್ಷಾಂಶ ರೇಖಾಂಶನ 13.3181, 75.7720 ಅಂತ ಕಳ್ಸಿದ್ರೆ ಇನ್ನೊಬ್ರು ಅದೇ ಅಕ್ಷಾಂಶನ 13°19′05″ ಅಂತ ಬರೀತಾರೆ, ಹಳೇ ಜಿಪಿಎಸ್ ಇರೋರದ್ದು 1319.083 ಅಂತಿರತ್ತೆ, ಸರ್ವೆ ಮಾಡ್ಸಿರೋ ತೋಟದಿಂದ 583610, 1472440 ಅಂತ ಬರತ್ತೆ. ನಾಲ್ಕೂ ಹೆಚ್ಚುಕಡಿಮೆ ಒಂದೇ ಜಾಗ!

ಎಲ್ಲಾನೂ ಡಕ್‌ಡಿಬಿಗೆ ಹಾಕ್ದೆ, ಅದು ಟೇಬಲ್ ಥರ ಇರೋ ಮಾಹಿತಿನ ಹುಡುಕಿ ವಿಂಗಡಿಸೋ ಡೇಟಾಬೇಸ್ ಟೂಲು. ಮೊದಲ್ನೇ ಮಾತು, ಈ ಕಾಲಮ್‌ಗಳನ್ನ ಟೆಕ್ಸ್ಟ್ ಆಗೇ ಓದಿಸ್ಬೇಕು, ಟೂಲು ತಾನೇ ಊಹೆ ಮಾಡಿ ನಂಬರ್ ಮಾಡೋಕೆ ಬಿಡ್ಬಾರ್ದು. ಆಮೇಲೆ ಡಿಗ್ರಿ ಚಿಹ್ನೆ ಇರೋವು ಒಂದ್ ಕಡೆ, 1300ರಿಂದ 1360ರೊಳಗಿರೋವು ಡಿಗ್ರಿ-ನಿಮಿಷ ಅಂಟ್ಕೊಂಡಿರೋವು, ಆರೇಳು ಅಂಕಿದ್ದು ಯುಟಿಎಂ ಮೀಟರ್, ಅಂದ್ರೆ ಭೂಮಿನ 6 ಡಿಗ್ರಿ ಅಗಲದ ವಲಯಗಳಾಗಿ ಒಡೆದು ಜಾಗನ ಮೀಟರಲ್ಲಿ ಹೇಳೋ ಪದ್ಧತಿ. ನಮ್ದು 43ನೇ ವಲಯ, 72ರಿಂದ 78 ಡಿಗ್ರಿ ಪೂರ್ವದವರೆಗೆ, ಹಾಸನ ಚಿಕ್ಕಮಗಳೂರು ಎರಡೂ ಅದ್ರಲ್ಲೇ ಬರತ್ತೆ, ಕೋಲಾರಕ್ಕೆ ಹೋದ್ರೆ ಮಾತ್ರ 44 ಆಗೋಗತ್ತೆ. ಕನ್ನಡ ಅಂಕಿಲಿ ೧೩.೩೧ ಅಂತ ಬರೆದು ಕಳ್ಸಿರೋರೂ ಇದ್ದಾರೆ, ನಂಗೆ ಅದು ತುಂಬಾ ಖುಷಿ ಕೊಡ್ತು, ಆದ್ರೆ ಡಕ್‌ಡಿಬಿಯ ರೆಜೆಕ್ಸ್ (ಅಕ್ಷರಗಳ ನಮೂನೆ ಹುಡುಕೋ ಸಾಧನ) ಅದನ್ನ ಅಂಕಿ ಅಂತ್ಲೇ ಗುರುತಿಸಲ್ಲ, ಟ್ರಾನ್ಸ್‌ಲೇಟ್ ಫಂಕ್ಷನ್ನಲ್ಲಿ ಹತ್ತೂ ಅಂಕಿ ಬದಲಾಯಿಸಿ ಮುಂದೆ ಹೋಗ್ಬೇಕು. ಪೈಥಾನ್ 3 ಆದ್ರೆ ಕನ್ನಡ ಅಂಕಿನ ನೇರವಾಗೇ ಓದ್ಕೊಳತ್ತೆ.

ಅಕ್ಷಾಂಶ ರೇಖಾಂಶ ಅದಲುಬದಲಾಗಿದ್ರೆ ನಮ್ಗೆ ಹಿಡಿಯೋದು ಸುಲಭ. ಕರ್ನಾಟಕದಲ್ಲಿ ಅಕ್ಷಾಂಶ 19 ದಾಟಲ್ಲ, ರೇಖಾಂಶ 74ಕ್ಕಿಂತ ಕೆಳಗಿಳಿಯಲ್ಲ. ಉಲ್ಟಾ ಆದ್ರೆ ಚಿಕ್ಕಮಗಳೂರು ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ ಸಮುದ್ರದಲ್ಲಿ ಕೂತಿರತ್ತೆ. ಫೋನ್ ಮ್ಯಾಪಲ್ಲಿ ಅಕ್ಷಾಂಶ ಮೊದ್ಲು, ಮ್ಯಾಪ್ ಮಾಹಿತಿ ಇಡೋ ಫೈಲ್ ಫಾರ್ಮ್ಯಾಟಾದ ಜಿಯೋಜೇಸನ್‌ನಲ್ಲಿ, ವಿಕಿಪೀಡಿಯಾದ ಜೊತೆಗಿರೋ ಮಾಹಿತಿ ಭಂಡಾರ ವಿಕಿಡೇಟಾದ ಕ್ವೆರಿ ಕೊಡೋ ಪಾಯಿಂಟಲ್ಲಿ ರೇಖಾಂಶ ಮೊದ್ಲು, ಇಷ್ಟು ನೆನಪಿದ್ರೆ ಸಾಕು.

ನಿಜವಾಗ್ಲೂ ಕಷ್ಟ ಕೊಡೋದು 13.1905, 75.4619 ಥರದ್ದು. ನೋಡೋಕೆ ಅಚ್ಚುಕಟ್ಟಾದ ದಶಮಾಂಶ, ಯಾವ ಎರರ್ರೂ ಬರಲ್ಲ, ಮ್ಯಾಪಲ್ಲಿ ಕೊಟ್ಟಿಗೆಹಾರಕ್ಕೂ ಕಳಸಕ್ಕೂ ಮಧ್ಯೆ ಘಟ್ಟದೊಳಗೆ ಚುಕ್ಕಿ ಬೀಳತ್ತೆ. ಆದ್ರೆ ಬರೆದವ್ರು 13 ಡಿಗ್ರಿ 19 ನಿಮಿಷ 05 ಸೆಕೆಂಡನ್ನ ಹಂಗೇ ಒತ್ತಾಗಿ ಬರ್ದಿದ್ರೆ? ಆಗ ಅದು ಚಿಕ್ಕಮಗಳೂರು ಟೌನು, ಸುಮಾರು 36 ಕಿಮೀ ದೂರ. ನಮ್ ಜಿಲ್ಲೆಲಿ 36 ಕಿಮೀ ಅಂದ್ರೆ ಬೇರೆ ಮಳೆ ಲೋಕ, ಕಡೂರಿನ ಮಳೆಗೂ ಶೃಂಗೇರಿ ಮಳೆಗೂ ಇರೋ ಅಂತರ ಇಲ್ಲಿ ಹುಟ್ಟಿದವ್ರಿಗೆಲ್ಲ ಗೊತ್ತು. ತಪ್ಪು ಚುಕ್ಕಿಲಿ ಸರಿ ಮಳೆ ಕೂರಿಸಿದ್ರೆ ಆ ಮನೆಯವ್ರು ಅಷ್ಟು ವರ್ಷ ಬರೆದಿಟ್ಟಿದ್ದು ಹಾಳಾದಂಗೇ.

ಒಂದೇ ರೋ ಇಟ್ಕೊಂಡು ಎಷ್ಟು ದಿಟ್ಟಿಸಿದ್ರೂ ಇದು ಗೊತ್ತಾಗಲ್ಲ, ಕಾಲಮ್ಮನ್ನೇ ಕೇಳ್ಬೇಕು. ಕಳ್ಸಿದವ್ರ ಪ್ರಕಾರ ಗ್ರೂಪ್ ಬೈ ಮಾಡಿ (ಒಬ್ಬೊಬ್ರ ರೋಗಳನ್ನ ಒಂದೊಂದು ಗುಂಪು ಮಾಡಿ), ಚುಕ್ಕೆ ಆದ್ಮೇಲಿನ ಮೊದಲೆರಡು ಅಂಕಿ ಒಂದ್ ಕಾಲಮ್ಮಾಗಿ, ಮುಂದಿನೆರಡು ಇನ್ನೊಂದಾಗಿ ಒಡೆದು, ಎರಡರದ್ದೂ ಮ್ಯಾಕ್ಸ್, ಅಂದ್ರೆ ಅತಿ ದೊಡ್ಡ ಸಂಖ್ಯೆ ತಗೊಂಡೆ. ನಿಮಿಷ ಸೆಕೆಂಡು ಎರಡೂ 60 ಮುಟ್ಟಲ್ಲ, ದಶಮಾಂಶ ಆದ್ರೆ 99ರವರೆಗೂ ಹೋಗತ್ತೆ. ಮೊದಲೆರಡು ಅಂಕಿನ ಪೂರ್ತಿ ನಂಬೋ ಹಾಗಿಲ್ಲ, ಯಾಕಂದ್ರೆ ಒಂದೇ ಹೋಬಳಿಯ ತೋಟಗಳಾದ್ರೆ ಎಲ್ಲಾ 13.30ರಿಂದ 13.45ರೊಳಗೇ ಇರ್ಬೋದು. ಸಾಕ್ಷಿ ಹೇಳೋದು ಮೂರು ನಾಲ್ಕನೇ ಅಂಕಿ. ಒಂದು ನಿಮಿಷ ಅಂದ್ರೆ ಎರಡು ಕಿಮೀಗೂ ಕಮ್ಮಿ, ಹಾಗಾಗಿ ಸಣ್ಣ ಹೋಬಳಿಲೂ ಸೆಕೆಂಡುಗಳು ಎಲ್ಲಾ ಕಡೆ ಹರಡಿರ್ತವೆ, ಒಬ್ರೇ ಕಳ್ಸಿದ ಇಪ್ಪತ್ತು ರೋ ದಶಮಾಂಶವೇ ಆಗಿದ್ದು ಇಪ್ಪತ್ತೂ ಆಕಸ್ಮಿಕವಾಗಿ 60ರೊಳಗೇ ಬೀಳೋ ಸಾಧ್ಯತೆ ಲಕ್ಷಕ್ಕೆ ನಾಲ್ಕರಷ್ಟು. ಒಂದೇ ಒಂದು ರೋಲಿ 60 ದಾಟಿದ್ರೂ ಅದು ಸೆಕೆಂಡಲ್ಲ, ವಿಷ್ಯ ಮುಗೀತು.

ಎರಡ್ಮೂರು ರೋ ಮಾತ್ರ ಕಳ್ಸಿರೋರದ್ದು ಈ ಲೆಕ್ಕಕ್ಕೆ ಸಿಗಲ್ಲ. ಅವನ್ನ 'ಗೊತ್ತಿಲ್ಲ' ಅಂತ ಗುರುತು ಮಾಡಿ ಮ್ಯಾಪಿಂದ ಹೊರಗಿಟ್ಟಿದೀನಿ, ಮೂಲ ಟೆಕ್ಸ್ಟ್ ಮುಟ್ಟಿಲ್ಲ, ಪಕ್ಕದಲ್ಲಿ ಫಾರ್ಮ್ಯಾಟ್ ಅಂತ ಹೊಸ ಕಾಲಮ್ ಸೇರ್ಸಿದೀನಿ ಅಷ್ಟೇ. ನಾಳೆಯಿಂದ ಅವ್ರಿಗೆಲ್ಲ ಫೋನ್ ಮಾಡ್ಬೇಕು. ಇನ್ಮುಂದೆ ಲೊಕೇಶನ್ ಕಳ್ಸೋರು ದಯವಿಟ್ಟು ಅದನ್ನ ಫೋನಿಂದ ಕಾಪಿ ಮಾಡಿದ್ದಾ, ಜಿಪಿಎಸ್ ನೋಡಿ ಬರ್ಕೊಂಡಿದ್ದಾ, ಸರ್ವೆ ಕಾಗದದಿಂದ ತೆಗೆದಿದ್ದಾ ಅಂತ ಜೊತೆಗೇ ಒಂದ್ ಮಾತು ಬರೆದು ಕಳ್ಸಿ.