24 ಅಡಿ ಪವರ್ ಬೋಟಿನ ನಿಜವಾದ ತೂಕ: ಟ್ರೇಲರ್ ಕೆಲಸದ ಪ್ರಗತಿ

ನನ್ನ ಹಳೆಯ ಪವರ್ ಬೋಟಿನ ಎಂಜಿನ್ ಮತ್ತು ಡ್ರೈವ್ ಕೆಲಸ ಮುಗಿದ ಮೇಲೆ ಉಳಿದಿದ್ದ ದೊಡ್ಡ ಪ್ರಶ್ನೆ ತೂಕದ್ದಾಗಿತ್ತು. ಬೋಟು 1989ರಲ್ಲಿ ತಯಾರಾದದ್ದು, 7.4 ಲೀಟರಿನ ಬಿಗ್ ಬ್ಲಾಕ್ (ದೊಡ್ಡ ಗಾತ್ರದ) ಎಂಜಿನ್, ಸ್ಟರ್ನ್ ಡ್ರೈವ್ (ಬೋಟಿನ ಹಿಂಬದಿಯಲ್ಲಿ ಹೊರಗಿರುವ ಪ್ರೊಪೆಲರ್ ಘಟಕ) ಮತ್ತು ಡೀಪ್-ವಿ, ಅಂದರೆ ಆಳವಾದ ವಿ ಆಕಾರದ ತಳ ಇರುವ ಇದನ್ನು ಸೇಂಟ್ ಲೂಯಿಸ್‌ನಿಂದ ಮಿಸ್ಸೂರಿಯ ಲೇಕ್ ಆಫ್ ದಿ ಓಝಾರ್ಕ್ಸ್‌ವರೆಗೆ ಎಳೆದೊಯ್ಯಬೇಕು. ಇಂಟರ್‌ಸ್ಟೇಟ್ 70 ಹೆದ್ದಾರಿಯಲ್ಲಿ ಚಿಂತೆಯಿಲ್ಲ. ಕಿಂಗ್‌ಡಮ್ ಸಿಟಿಯಲ್ಲಿ ತಿರುಗಿ 54ನೆಯ ಹೆದ್ದಾರಿ ಹಿಡಿದು ಜೆಫರ್ಸನ್ ಸಿಟಿ ದಾಟಿದ ಮೇಲೆ ಬರುವ ಏರಿಳಿತಗಳಲ್ಲಿ ಬ್ರೇಕು, ಟೈರು, ಹಿಚ್ (ಟ್ರೇಲರನ್ನು ನನ್ನ ಪಿಕಪ್ ಟ್ರಕ್ಕಿಗೆ ಕಟ್ಟುವ ಕೊಂಡಿ) ಮೂರೂ ತಮ್ಮ ಮಿತಿಯೊಳಗೆ ಇರಬೇಕಾದರೆ ಮೊದಲು ತೂಕ ಗೊತ್ತಿರಬೇಕು.

ಆ ತೂಕ ಬೋಟಿನ ಮೇಲೆ ಎಲ್ಲಿಯೂ ಬರೆದಿಲ್ಲ. ಅಮೆರಿಕದ ಕೋಸ್ಟ್ ಗಾರ್ಡ್ ನಿಯಮದ ಪ್ರಕಾರ ಸಾಮರ್ಥ್ಯದ ಫಲಕ ಕಡ್ಡಾಯವಾಗಿರುವುದು 20 ಅಡಿಗಿಂತ ಚಿಕ್ಕ ಬೋಟುಗಳಿಗೆ ಮಾತ್ರ. ಆ ಫಲಕವಿದ್ದರೂ ಅದು ಬೋಟು ಎಷ್ಟು ಹೊರಬಲ್ಲದು ಎಂದು ಹೇಳುತ್ತದೆಯೇ ಹೊರತು ತಾನೆಷ್ಟು ಭಾರ ಎಂದು ಹೇಳುವುದಿಲ್ಲ. ಟ್ರಾನ್ಸಮ್ (ಬೋಟಿನ ಹಿಂಬದಿಯ ಗೋಡೆ) ಮೇಲೆ ಕೆತ್ತಿರುವ 12 ಅಕ್ಷರಗಳ ಹಲ್ (ಬೋಟಿನ ಒಡಲು) ಗುರುತಿನ ಸಂಖ್ಯೆಯಿಂದ ತಯಾರಕರೂ ವರ್ಷವೂ ತಿಳಿಯುತ್ತವೆ, ತೂಕ ತಿಳಿಯುವುದಿಲ್ಲ. ಹೀಗಾಗಿ ಕೈಯಲ್ಲಿದ್ದ ಏಕೈಕ ಅಂಕಿ ಹಳೆಯ ಬ್ರೋಷರಿನದು: 4,200 ಪೌಂಡ್, ಅಂದರೆ ಸುಮಾರು 1,905 ಕಿಲೋ.

ಬ್ರೋಷರಿನ ಈ ಡ್ರೈ ವೇಟ್ (ಇಂಧನ, ಸಾಮಾನು ಇಲ್ಲದ ತೂಕ) ಸುಳ್ಳಲ್ಲ, ಆದರೆ ಅದು ನನ್ನ ಬೋಟಿನದೂ ಅಲ್ಲ. ಅದೇ ಪುಟದಲ್ಲಿ ಮೂಲ ಎಂಜಿನ್ 5.7 ಲೀಟರಿನ ಸ್ಮಾಲ್ ಬ್ಲಾಕ್ ಎಂದಿದೆ. ಅದರ ಜಾಗದಲ್ಲಿ ಬಿಗ್ ಬ್ಲಾಕ್ ಕೂರಿಸಿದರೆ ಬ್ಲಾಕು, ಹೆಡ್ಡು, ಎಕ್ಸಾಸ್ಟ್ ಮ್ಯಾನಿಫೋಲ್ಡುಗಳೆಲ್ಲ ಸೇರಿ 180 ಪೌಂಡ್‌ನಷ್ಟು ಹೆಚ್ಚುತ್ತದೆ ಎಂದು ಹಿಡಿದೆ. ಎರಡು ಬ್ಯಾಟರಿಗಳಿಗೆ 110. ಹಿಂದಿನ ಮಾಲೀಕರು ಸೇರಿಸಿದ ಸ್ವಿಮ್ ಪ್ಲಾಟ್‌ಫಾರ್ಮ್, ಸ್ಪೀಕರುಗಳು ಮತ್ತು ಹೊದಿಕೆಗೆ 170. ಲಂಗರು, ಸರಪಳಿ, ಹಗ್ಗ, ಲೈಫ್ ಜಾಕೆಟ್, ಫೆಂಡರ್, ಉಪಕರಣಗಳಿಗೆ 150. ಇಲ್ಲಿಗೆ 4,810 ಪೌಂಡ್ ಆಯಿತು. ಪೆಟ್ರೋಲ್ ಗ್ಯಾಲನ್ನಿಗೆ ಸುಮಾರು 6.1 ಪೌಂಡ್ ತೂಗುವುದರಿಂದ 80 ಗ್ಯಾಲನ್ನಿನ ಟ್ಯಾಂಕು ತುಂಬಿದರೆ ಇನ್ನೂ 488 ಪೌಂಡ್ ಸೇರಿ 5,298ಕ್ಕೆ ಮುಟ್ಟುತ್ತದೆ. ಬೋಟಿನಲ್ಲಿ ಒಬ್ಬರೂ ಕೂರುವ ಮೊದಲೇ, ಐಸ್ ಪೆಟ್ಟಿಗೆ ಒಳಗೆ ಹೋಗುವ ಮೊದಲೇ, ಬ್ರೋಷರಿಗಿಂತ ಸಾವಿರ ಪೌಂಡ್ ಹೆಚ್ಚು.

ಈ ಲೆಕ್ಕವನ್ನು ಪರೀಕ್ಷಿಸಲು ಜಲರೇಖೆಯ ವಿಧಾನವನ್ನೂ ಯೋಚಿಸಿದ್ದೆ. ಬೋಟು ಎಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೆಯೋ ಅಷ್ಟೇ ಅದರ ತೂಕ ಎಂಬುದು ಶಾಲೆಯಲ್ಲಿ ಕಲಿತ ಪಾಠ. ಆದರೆ ಈ ಗಾತ್ರದ ಬೋಟು ಸಿಹಿನೀರಿನಲ್ಲಿ ಒಂದು ಸೆಂಟಿಮೀಟರ್ ಹೆಚ್ಚು ಮುಳುಗಲು ಸುಮಾರು 90 ಕಿಲೋ ಬೇಕು. ಮಿಸಿಸಿಪ್ಪಿಯ ಅಲೆಯಲ್ಲಿ ಒಂದು ಸೆಂಟಿಮೀಟರನ್ನು ನಂಬಿಕೆಯಿಂದ ಓದುವುದು ಸಾಧ್ಯವಿಲ್ಲ, ಜೊತೆಗೆ ತಳದ ನಿಖರ ನಕ್ಷೆಯೂ ನನ್ನ ಬಳಿ ಇಲ್ಲ. ಆ ದಾರಿಯನ್ನು ಅಲ್ಲಿಗೇ ಬಿಟ್ಟೆ.

ಮೊದಲು ಅಳೆದದ್ದು ಟಂಗ್ ವೇಟ್, ಅಂದರೆ ಟ್ರೇಲರಿನ ಮೂತಿ ಹಿಚ್ಚಿನ ಮೇಲೆ ಹೇರುವ ಭಾರ. ಬಚ್ಚಲುಮನೆಯ ತೂಕದ ಯಂತ್ರ 300 ಪೌಂಡಿಗೆ ನಿಲ್ಲುತ್ತದೆ. ಆದ್ದರಿಂದ ತೊಲೆಯ ಉಪಾಯ ಮಾಡಬೇಕಾಯಿತು. ಗ್ಯಾರೇಜಿನ ನೆಲದ ಮೇಲೆ ಒಂದು ಕಡೆ ಯಂತ್ರ, ಇನ್ನೊಂದು ಕಡೆ ಅದೇ ಎತ್ತರಕ್ಕೆ ಜೋಡಿಸಿದ ಇಟ್ಟಿಗೆ, ಎರಡರ ಮೇಲೂ ಒಂದೊಂದು ಕಬ್ಬಿಣದ ಪೈಪ್ ತುಂಡು, ಪೈಪುಗಳ ನಡುವೆ ಸರಿಯಾಗಿ ಮೂರು ಅಡಿ ಅಂತರ, ಅವುಗಳ ಮೇಲೆ ಅಡ್ಡಲಾಗಿ ದಪ್ಪನೆಯ ತೊಲೆ. ತೊಲೆ ಇಟ್ಟ ಮೇಲೆ ಯಂತ್ರವನ್ನು ಸೊನ್ನೆಗೆ ತಂದು, ಇಟ್ಟಿಗೆ ಕಡೆಯ ಪೈಪಿನಿಂದ ಒಂದು ಅಡಿ, ಯಂತ್ರದ ಕಡೆಯ ಪೈಪಿನಿಂದ ಎರಡು ಅಡಿ ದೂರದಲ್ಲಿ ಗುರುತು ಹಾಕಿ, ಟ್ರೇಲರಿನ ಜ್ಯಾಕನ್ನು ಆ ಗುರುತಿನ ಮೇಲೆ ನಿಧಾನವಾಗಿ ಇಳಿಸಿದೆ. ಭಾರದ ಮೂರನೆಯ ಒಂದು ಭಾಗ ಮಾತ್ರ ಯಂತ್ರಕ್ಕೆ ಬರುವುದರಿಂದ ಓದಿದ್ದನ್ನು ಮೂರರಿಂದ ಗುಣಿಸಬೇಕು. ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಸ್ಪಿರಿಟ್ ಲೆವೆಲ್ ಇಟ್ಟು ಚೌಕಟ್ಟನ್ನು ಸಮತಲಕ್ಕೆ ತಂದಾಗ ಮುಳ್ಳು 228ರಲ್ಲಿ ನಿಂತಿತು: 684 ಪೌಂಡ್. ಮೂತಿಯನ್ನು ಒಂದೆರಡು ಅಂಗುಲ ಮೇಲೆತ್ತಿದರೂ ಅಂಕಿ ಬದಲಾಗುತ್ತದೆ. ಸಮತಲಕ್ಕೆ ತರುವ ತಾಳ್ಮೆ ಇಲ್ಲದಿದ್ದರೆ ಈ ವಿಧಾನಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಆಮೇಲೆ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್, ಅಂದರೆ ಲಾರಿಗಳನ್ನು ತೂಗುವ ತೂಕದ ಸೇತುವೆ. ಮಂಡ್ಯದ ಕಡೆ ಕಬ್ಬಿನ ಗಾಡಿಯನ್ನು ಕಾರ್ಖಾನೆಯ ಬಾಗಿಲಲ್ಲಿ ತುಂಬಿದಾಗ ಒಮ್ಮೆ, ಖಾಲಿಯಾದಾಗ ಇನ್ನೊಮ್ಮೆ ತೂಗಿ ಕಳೆಯುವಂತೆಯೇ ಇಲ್ಲಿಯೂ ಮಾಡಬೇಕು. ವ್ಯತ್ಯಾಸವಿಷ್ಟೇ, ಇಲ್ಲಿನ ಸೇತುವೆ ಬೇರೆ ಬೇರೆ ತೂಗುವ ಹಲಗೆಗಳಾಗಿ ವಿಂಗಡವಾಗಿರುವುದರಿಂದ ಟ್ರಕ್ಕಿನ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಮತ್ತು ಟ್ರೇಲರಿನ ಆಕ್ಸಲ್‌ಗಳ ಭಾರ ಪ್ರತ್ಯೇಕವಾಗಿ ಚೀಟಿಯಲ್ಲಿ ಅಚ್ಚಾಗಿ ಬರುತ್ತದೆ. ಸ್ಕೇಲಿನವರೊಂದಿಗೆ ಮಾತಾಡುವ ಗುಂಡಿ ಲಾರಿ ಚಾಲಕರ ಕಿಟಕಿಯ ಎತ್ತರಕ್ಕಿದೆ. ಪಿಕಪ್ ಟ್ರಕ್ಕಿನವರು ಇಳಿದು ಹೋಗಿ ಒತ್ತಬೇಕು. ಇಪ್ಪತ್ತನಾಲ್ಕು ಗಂಟೆಯೊಳಗೆ ಮತ್ತೆ ತೂಗಿದರೆ ಶುಲ್ಕ ಕಡಿಮೆ, ಆದ್ದರಿಂದ ಟ್ರೇಲರ್ ಕಟ್ಟಿಕೊಂಡು ಒಮ್ಮೆ, ಅದನ್ನು ಪಾರ್ಕಿಂಗ್‌ನಲ್ಲಿ ಬಿಚ್ಚಿಟ್ಟು ಇನ್ನೊಮ್ಮೆ ತೂಗಲು ಹಿಂಜರಿಯಬೇಕಾಗಿಲ್ಲ.

ಟ್ರೇಲರ್ ಕಟ್ಟಿದಾಗ ಮುಂದಿನ ಆಕ್ಸಲ್ 3,020, ಹಿಂದಿನದು 3,300, ಟ್ರೇಲರ್ ಆಕ್ಸಲ್‌ಗಳು 6,480, ಒಟ್ಟು 12,800 ಪೌಂಡ್. ಟ್ರಕ್ ಒಂದೇ ನಿಂತಾಗ ಮುಂದೆ 3,240, ಹಿಂದೆ 2,400, ಒಟ್ಟು 5,640. ಎರಡೂ ಒಟ್ಟುಗಳ ವ್ಯತ್ಯಾಸವಾದ 7,160 ಪೌಂಡ್ ಟ್ರೇಲರ್ ಮತ್ತು ಬೋಟಿನ ಕೂಡು ತೂಕ. ಟ್ರಕ್ಕಿನ ಆಕ್ಸಲ್‌ಗಳ ಮೇಲೆ ಹೆಚ್ಚಾದ 680 ಪೌಂಡ್ ಟಂಗ್ ವೇಟ್. ತೊಲೆಯ ಲೆಕ್ಕಕ್ಕೂ ಇದಕ್ಕೂ ನಾಲ್ಕೇ ಪೌಂಡ್ ಅಂತರ ಬಂದದ್ದನ್ನು ನೋಡಿ ಇಟ್ಟಿಗೆ ಜೋಡಿಸಿದ ಶ್ರಮ ಸಾರ್ಥಕವೆನಿಸಿತು. ಹಿಚ್ ಹಿಂದಿನ ಆಕ್ಸಲ್‌ನಿಂದ ಆಚೆ ಚಾಚಿರುವುದರಿಂದ ಸನ್ನೆಗೋಲಿನ ಪರಿಣಾಮವಾಗಿ ಮುಂದಿನ ಚಕ್ರಗಳು 220 ಪೌಂಡ್ ಹಗುರವಾಗಿವೆ ಎಂಬುದೂ ಇದೇ ಚೀಟಿಯಿಂದ ತಿಳಿಯಿತು. ಸ್ಟಿಯರಿಂಗ್ ಹಗುರವೆನಿಸುತ್ತದೆ ಎಂದು ಹೇಳುವವರ ಮಾತಿನ ಹಿಂದಿರುವ ಅಂಕಿ ಇದೇ.

ಇನ್ನು ಟ್ರೇಲರ್ ಒಂದರದೇ ತೂಕ ಬೇಕಿತ್ತು. ಬೋಟನ್ನು ಆಲ್ಟನ್ ಬಳಿ ನೀರಿಗಿಳಿಸಿ, ಟ್ರಕ್ಕಿನ ಟ್ಯಾಂಕನ್ನು ಮೊದಲಿನಂತೆಯೇ ತುಂಬಿಸಿಕೊಂಡು ಖಾಲಿ ಟ್ರೇಲರನ್ನು ತೂಗಿದಾಗ ಅದು 1,620 ಪೌಂಡ್ ಎಂದು ತಿಳಿಯಿತು. ಅದರ ಕಾಗದಪತ್ರದಲ್ಲಿ 1,400 ಎಂದಿದೆ. ಸ್ಪೇರ್ ಚಕ್ರ, ಬಲಪಡಿಸಿದ ಹಲಗೆಗಳು, ಆಮೇಲೆ ಹಾಕಿಸಿದ ಸರ್ಜ್ ಬ್ರೇಕ್ (ಟ್ರಕ್ ನಿಧಾನವಾದಾಗ ಟ್ರೇಲರಿನ ಒತ್ತಡದಿಂದಲೇ ಹಿಡಿಯುವ ಬ್ರೇಕು) ಯಾವುದೂ ಆ ಅಂಕಿಯಲ್ಲಿ ಸೇರಿಲ್ಲ. 7,160ರಿಂದ 1,620 ಕಳೆದರೆ ಬೋಟಿನ ತೂಕ 5,540 ಪೌಂಡ್. ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆದು ಅಳೆದು 20 ಗ್ಯಾಲನ್ ಹಾಕಿದ್ದರಿಂದ ಇಂಧನದ ಪಾಲು 122 ಪೌಂಡ್ ಎಂಬುದರಲ್ಲಿ ಅನುಮಾನವಿಲ್ಲ. ಅಷ್ಟೇ ಇಂಧನಕ್ಕೆ ನನ್ನ ಕಾಗದದ ಲೆಕ್ಕ 4,932 ಹೇಳುತ್ತದೆ. ಸ್ಕೇಲ್ 20 ಪೌಂಡಿನ ಹೆಜ್ಜೆಯಲ್ಲಿ ತೋರಿಸುತ್ತದೆಯಾದ್ದರಿಂದ ಒಂದಿಷ್ಟು ಹತ್ತುಗಳ ಏರುಪೇರು ಸಹಜ. ಆದರೆ ಇಲ್ಲಿ 608 ಪೌಂಡ್, ಅಂದರೆ 276 ಕಿಲೋ ಲೆಕ್ಕಕ್ಕೆ ಸಿಗದೆ ಉಳಿದಿದೆ.

ಈ ಭಾರ ಎಲ್ಲಿದೆ ಎಂದು ಹುಡುಕಲು ಹಿಂಭಾಗದ ನೆಲದಡಿ, ಸ್ಟ್ರಿಂಗರ್‌ಗಳ (ತಳಕ್ಕೆ ಬಲ ಕೊಡುವ ಉದ್ದನೆಯ ತೊಲೆಗಳು) ನಡುವಿನ ಫೋಮನ್ನು ನೋಡಬೇಕಾಯಿತು. ಆ ಕಾಲದ ಬೋಟುಗಳಲ್ಲಿ ಸುರಿದ ಪಾಲಿಯುರಿಥೇನ್ ಫೋಮ್ ಒಣಗಿದ್ದಾಗ ಘನ ಅಡಿಗೆ ಸುಮಾರು 2 ಪೌಂಡ್ ಮಾತ್ರ ತೂಗುತ್ತದೆ. ಅದೇ ಜಾಗವನ್ನು ನೀರು ತುಂಬಿದರೆ 62 ಪೌಂಡ್. 64 ಮಿಲಿಮೀಟರಿನ ಹೋಲ್ ಸಾದಿಂದ (ದುಂಡಗೆ ಕೊರೆಯುವ ಗರಗಸ) ಕೆಳಗಿನ ಪದರದಲ್ಲಿ 100 ಮಿಲಿಮೀಟರ್ ಉದ್ದದ ತುಂಡು ತೆಗೆದೆ. ಅದು 10 ಗ್ರಾಂ ಇರಬೇಕಿತ್ತು. ಅಡುಗೆಮನೆಯ ತಕ್ಕಡಿ 190 ತೋರಿಸಿತು. ಹೊರಗಿನ ಚರ್ಮದಂಥ ಪದರ ಗಟ್ಟಿಯಾಗಿ, ಹಳದಿಯಾಗಿಯೇ ಇತ್ತು. ಹೆಬ್ಬೆರಳಿನಿಂದ ಒತ್ತಿದಾಗ ಮಾತ್ರ ಕಂದು ನೀರು ಜಿನುಗಿ ಎಂಜಿನ್ ಎಣ್ಣೆಯ ವಾಸನೆ ಬಂತು. ಮುಂಭಾಗದ ತುಂಡು 14 ಗ್ರಾಂ, ಅಂದರೆ ಬಹುತೇಕ ಒಣಗಿದೆ. ಹಿಂದಿನ ಎರಡು ಅಂಕಣಗಳ ಕೆಳಗಿನ ಅರ್ಧ ಮಾತ್ರ ಹೀಗೆ ನೆನೆದಿದೆಯೆಂದು ಹಿಡಿದರೂ ಅಲ್ಲಿ 110 ಕಿಲೋ ನೀರು ಕುಳಿತಿದೆ.

ಉಳಿದ 160 ಕಿಲೋಗೂ ಹೆಚ್ಚಿನದರಲ್ಲಿ ಒಂದು ಪಾಲು ಟ್ರಾನ್ಸಮ್ಮಿನ ಪ್ಲೈವುಡ್ಡಿನಲ್ಲಿರಬಹುದು. ಮಿಕ್ಕಿದ್ದು, ನನ್ನ ಅಭಿಪ್ರಾಯದಲ್ಲಿ, ಬೋಟು ಹುಟ್ಟಿದಾಗಿನಿಂದಲೇ ಇರುವ ಭಾರ. 1960ರ ಮಯಾಮಿ–ನಸ್ಸೌ ರೇಸಿನಲ್ಲಿ ರೇ ಹಂಟ್ ವಿನ್ಯಾಸದ ಮಾಪಿ ಎಂಬ ಬೋಟು ಗೆದ್ದ ಮೇಲೆ ಹಬ್ಬಿದ ಡೀಪ್-ವಿ ಪರಂಪರೆಯ ಬೋಟುಗಳು ಅಲೆಯನ್ನು ಸೀಳಿಕೊಂಡು ಹೋಗಲೆಂದು ಕಟ್ಟಿದವು. ಕೈಯಿಂದ ಪದರ ಪದರವಾಗಿ ಹಾಸಿದ ಫೈಬರ್‌ಗ್ಲಾಸಿನಲ್ಲಿ ಕೆಲಸಗಾರ ರಾಳವನ್ನು ಸ್ವಲ್ಪ ಧಾರಾಳವಾಗಿ ಸುರಿದರೆ ಒಂದೇ ಅಚ್ಚಿನಿಂದ ಬಂದ ಎರಡು ಹಲ್‌ಗಳೂ ಒಂದೇ ತೂಕ ತೂಗುವುದಿಲ್ಲ. ಆದ್ದರಿಂದ ಅದೇ ಮಾದರಿಯ ಇನ್ನೊಬ್ಬರ ಬೋಟಿನ ಚೀಟಿಯನ್ನು ನನ್ನದಕ್ಕೆ ಅನ್ವಯಿಸಿಕೊಳ್ಳಲು ನನಗೆ ಮನಸ್ಸಿಲ್ಲ.

ಪೂರ್ತಿ ಇಂಧನದೊಂದಿಗೆ ಬೋಟು 5,906 ಪೌಂಡ್. ಈಗಿನ ಟ್ರೇಲರ್ ಸೇರಿ 7,526. ಟ್ರೇಲರಿನ ಫಲಕದ ಮೇಲಿನ ಗರಿಷ್ಠ ಮಿತಿ 7,000. ಅದರ ಎಸ್‌ಟಿ 205/75ಆರ್14, ಲೋಡ್ ರೇಂಜ್ ಸಿ ಟೈರುಗಳು 50 ಪಿಎಸ್‌ಐ ಗಾಳಿಯಲ್ಲಿ ತಲಾ 1,760 ಪೌಂಡ್ ಹೊರುತ್ತವೆ. ನಾಲ್ಕಕ್ಕೂ ಸೇರಿ 7,040. 20 ಗ್ಯಾಲನ್ ಇಂಧನವಿದ್ದಾಗ ಆಕ್ಸಲ್ ಮೇಲೆ ಬಂದ 6,480 ಇದರೊಳಗೆ ಇದೆ ನಿಜ, ಆದರೆ ಜುಲೈ ತಿಂಗಳ ಡಾಂಬರು ರಸ್ತೆಯಲ್ಲಿ ಆ ಅಂತರ ನನಗೆ ಸಾಲದು. ದೊಡ್ಡ ಆಕ್ಸಲ್ ಹಾಕಿಸಿದರೆ ಸಾಕು ಎಂಬ ಸಲಹೆಯೂ ಬಂತು. ಆಕ್ಸಲ್ ಬದಲಾದರೆ ಚೌಕಟ್ಟು, ಕಪ್ಲರ್ (ಹಿಚ್ಚಿಗೆ ಸಿಕ್ಕಿಸುವ ಟ್ರೇಲರಿನ ತುದಿ) ಮತ್ತು ಬ್ರೇಕಿನ ಸಾಮರ್ಥ್ಯ ತಾನಾಗಿ ಏರುವುದಿಲ್ಲವಾದ್ದರಿಂದ ಆ ಖರ್ಚನ್ನು ಒಪ್ಪಲಿಲ್ಲ.

10,000 ಪೌಂಡ್ ಮಿತಿಯ, ತಾನು 1,900 ತೂಗುವ ಟ್ರೇಲರನ್ನು ನೋಡಿಟ್ಟಿದ್ದೇನೆ. ಆಗ ಕೂಡು ತೂಕ 7,806, ಟಂಗ್ ವೇಟ್ ಶೇ 10ರಂತೆ 780. ಟ್ರಕ್ಕಿನ ಎಳೆಯುವ ಸಾಮರ್ಥ್ಯಕ್ಕೆ ಇದು ಭಾರವಲ್ಲ; ಮೊದಲು ಮುಗಿಯುವುದು ಪೇಲೋಡ್, ಅಂದರೆ ಟ್ರಕ್ಕು ತನ್ನ ಮೇಲೆ ಹೊರಬಲ್ಲ ಭಾರ. ಬಾಗಿಲಿನ ಚೀಟಿಯಲ್ಲಿರುವ 1,540ರಲ್ಲಿ ಹಿಚ್ಚಿಗೆ 780, ಚಾಲಕನಿಗೆ 180, ಮನೆಯ ಮೂವರಿಗೆ 400, ಸಾಮಾನಿಗೆ 150 ಹೋದರೆ ಉಳಿಯುವುದು 30 ಪೌಂಡ್. ಅತ್ತೆಯವರು ಊರಿನಿಂದ ಬಂದಾಗ ಇನ್ನೊಂದು ಕಾರು ಬೇಕಾಗುತ್ತದೆ ಎಂಬುದನ್ನು ಮನೆಯಲ್ಲಿ ಈಗಲೇ ತಿಳಿಸಿದ್ದೇನೆ.

ಹೊಸ ಟ್ರೇಲರ್ ಬರುವವರೆಗೆ ಟ್ಯಾಂಕ್ ಖಾಲಿ ಮಾಡಿ, ಲಂಗರು ಮೊದಲಾದ 150 ಪೌಂಡ್ ಸಾಮಾನನ್ನು ಇಳಿಸಿ, 6,888 ಪೌಂಡಿನಲ್ಲಿ ಹತ್ತಿರದ ನದಿಘಟ್ಟಕ್ಕೆ ಮಾತ್ರ ಎಳೆಯುತ್ತೇನೆ. ಚಳಿಗಾಲದಲ್ಲಿ ಹಿಂದಿನ ಅಂಕಣಗಳ ನೆಲ ತೆರೆದು ನೆನೆದ ಫೋಮನ್ನು ಕೆರೆದು ತೆಗೆಯುವುದು ಮುಂದಿನ ಕೆಲಸ. ಒಳಗೆ ಸೇರಿದ ನೀರು ತಾನಾಗಿ ಒಣಗುವ ವಸ್ತು ಅದಲ್ಲ. ಕೋಸ್ಟ್ ಗಾರ್ಡಿನ ತೇಲುವಿಕೆಯ ನಿಯಮವೂ 20 ಅಡಿಯ ಕೆಳಗಿನ ಬೋಟುಗಳಿಗೇ ಇರುವುದರಿಂದ ಮತ್ತೆ ಫೋಮ್ ಸುರಿಯಬೇಕೇ, ಸ್ಟ್ರಿಂಗರುಗಳ ನಡುವೆ ಅಡ್ಡಪಟ್ಟಿ ಕೂರಿಸಿ ಗಟ್ಟಿತನ ಕೊಟ್ಟರೆ ಸಾಕೇ ಎಂಬುದನ್ನು ಮರದ ಸ್ಥಿತಿ ನೋಡಿ ತೀರ್ಮಾನಿಸುತ್ತೇನೆ. ಆ ಕೆಲಸ ಮುಗಿದು ಮತ್ತೆ ಸ್ಕೇಲಿಗೆ ಹೋಗುವವರೆಗೆ ಎಲ್ಲ ಲೆಕ್ಕಕ್ಕೂ 5,906ನ್ನೇ ಹಿಡಿಯುತ್ತೇನೆ.