ಹಿಪ್ಪುನೇರಳೆಗೆ ನಿಷೇಧ ಹಾಕಿದ ಊರಿನಲ್ಲೊಂದು ನಾಯಿ

ರೇಷ್ಮೆಗೆ ಹೆಸರಾದ ನಮ್ಮ ಶಿಡ್ಲಘಟ್ಟದವರಿಗೆ ಹೇಳಿದರೆ ನಗುತ್ತಾರೆ. ನಾನಿರುವುದು ಹಿಪ್ಪುನೇರಳೆಗೆ ನಿಷೇಧ ಹಾಕಿದ ಊರಿನಲ್ಲಿ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರ ಸೇರಿರುವ ಪೀಮಾ ಕೌಂಟಿಯಲ್ಲಿ 1980ರ ದಶಕದಲ್ಲೇ ಹಿಪ್ಪುನೇರಳೆ ಸಸಿ ಮಾರಬಾರದು, ನೆಡಬಾರದು ಎಂಬ ಕಟ್ಟಳೆ ಬಂತು. ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ದುಕೊಂಡೇ ಬೆಳೆದ ನನಗೆ ಇದನ್ನು ಮೊದಲು ಕೇಳಿದಾಗ ಯಾರೋ ತಮಾಷೆಗೆ ಹೇಳುತ್ತಿದ್ದಾರೆ ಎನ್ನಿಸಿತ್ತು. ಈಗ ನಮ್ಮ ನಾಯಿಯ ದೆಸೆಯಿಂದ ನಾನೂ ಆ ಕಟ್ಟಳೆಯ ಪಕ್ಷ.

ನಡೆದದ್ದು ಇಷ್ಟು. ಈ ಮರುಭೂಮಿಗೆ ಜನ ಬಂದು ನೆಲೆಸುತ್ತಿದ್ದ ಕಾಲದಲ್ಲಿ ಬೇಗ ಬೆಳೆದು ದಟ್ಟ ನೆರಳು ಕೊಡುವ ಮರ ಬೇಕಿತ್ತು. ಹಿಪ್ಪುನೇರಳೆ ಸರಿಹೋಯಿತು. ಆದರೆ ಹಣ್ಣು ಉದುರಿ ಕಾರು, ಅಂಗಳವೆಲ್ಲ ಕಲೆಯಾಗುತ್ತದೆ ಎಂದು ಹಣ್ಣು ಬಿಡದ ಗಂಡು ಮರಗಳನ್ನೇ ಆರಿಸಿ ಬೀದಿಗಟ್ಟಲೆ ನೆಟ್ಟರು. ಗಂಡು ಮರ ಹಣ್ಣಿನ ಬದಲು ಪರಾಗ ಕೊಡುತ್ತದೆ, ಅದೂ ಸುಮ್ಮನೆ ಉದುರಿಸುವುದಿಲ್ಲ. ಒಳಕ್ಕೆ ಬಾಗಿಕೊಂಡಿರುವ ಕೇಸರ ಕವಣೆಯಂತೆ ಚಿಮ್ಮಿ, ಶಬ್ದದ ವೇಗದ ಅರ್ಧಕ್ಕಿಂತಲೂ ಹೆಚ್ಚು ವೇಗದಲ್ಲಿ ಪರಾಗವನ್ನು ಗಾಳಿಗೆ ಎಸೆಯುತ್ತದೆ. ಸಸ್ಯಲೋಕದಲ್ಲಿ ಅಳೆದು ನೋಡಿದ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ನಮ್ಮ ತೋಟಗಳಲ್ಲಿ ಎರಡೆರಡು ತಿಂಗಳಿಗೆ ಕಡ್ಡಿ ಕತ್ತರಿಸಿ ಹುಳುವಿಗೆ ಹಾಕುವುದರಿಂದ ಗಿಡಕ್ಕೆ ಹೀಗೆ ಮರವಾಗಿ ನಿಂತು ಮೆರೆಯುವ ಅವಕಾಶವೇ ಸಿಗುವುದಿಲ್ಲ. ಇಲ್ಲಿ ನಿಷೇಧಕ್ಕೆ ಮುಂಚೆ ನೆಟ್ಟ ಮರಗಳು ಇನ್ನೂ ಇವೆ. ಅಂಥ ಒಂದು ನಮ್ಮ ಪಕ್ಕದ ಮನೆಯ ಹಿತ್ತಲಿನಲ್ಲಿದೆ.

ಮುತ್ತು ಬಿಳಿ ಮೈಯ ಲ್ಯಾಬ್ರಡಾರ್ ಬೆರಕೆ, ಪ್ರಾಣಿಗಳ ಆಶ್ರಯಧಾಮದಿಂದ ತಂದವಳು. ಮಾರ್ಚ್ ಬಂತೆಂದರೆ ಅವಳ ಕೆರೆತ ಶುರು. ಮನುಷ್ಯರಿಗೆ ಪರಾಗದ ಅಲರ್ಜಿ ಎಂದರೆ ಸೀನು, ಮೂಗಿನಲ್ಲಿ ನೀರು. ನಾಯಿಗಳಿಗೆ ಅದು ಹೆಚ್ಚಾಗಿ ಚರ್ಮದಲ್ಲಿ ಕಾಣಿಸಿಕೊಳ್ಳುತ್ತದೆ. ಪಂಜ, ಕಿವಿ, ಮುಖ, ಕಂಕುಳು, ಹೊಟ್ಟೆಯಡಿ, ಇವೇ ಜಾಗಗಳು. ರಾತ್ರಿ ದೀಪ ಆರಿಸಿದ ಮೇಲೆ ಮಂಚದ ಕೆಳಗಿನಿಂದ ಚಪ್ ಚಪ್ ಎಂದು ಪಂಜ ನೆಕ್ಕುವ ಸದ್ದು ಬರುತ್ತಲೇ ಇರುತ್ತದೆ. ಬೆಳಿಗ್ಗೆ ಬೆರಳುಗಳನ್ನು ಬಿಡಿಸಿ ನೋಡಿದರೆ ಸಂದಿನ ಚರ್ಮ ಕೆಂಪಾಗಿ ಒದ್ದೆಯಾಗಿರುತ್ತದೆ, ಸುತ್ತಲಿನ ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಆ ಬಣ್ಣ ರಕ್ತದ್ದಲ್ಲ, ಜೊಲ್ಲಿನಲ್ಲಿರುವ ಪೋರ್ಫಿರಿನ್ ಎಂಬ ವಸ್ತುವಿನದು. ಕಪ್ಪು ನಾಯಿಯಾಗಿದ್ದರೆ ಎಷ್ಟು ನೆಕ್ಕುತ್ತಿದೆ ಎಂಬುದು ಕಣ್ಣಿಗೇ ಬೀಳುತ್ತಿರಲಿಲ್ಲ.

ಅಮ್ಮ ವಿಡಿಯೋ ಕರೆಯಲ್ಲಿ ಇದನ್ನು ನೋಡಿ, "ಅದು ಕಜ್ಜಿ ಕಣೇ, ಬೇವಿನೆಣ್ಣೆ ಹಚ್ಚು. ನಮ್ಮ ಕರಿಯ ಹದಿನಾಲ್ಕು ವರ್ಷ ಬದುಕಿದ, ಒಂದು ದಿನ ಡಾಕ್ಟರ ಮುಖ ನೋಡಿದ್ದನೇ?" ಎಂದರು. ಕರಿಯ ದಿನವಿಡೀ ಕೆರೆದುಕೊಳ್ಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಬೀದಿಯ ನಾಯಿಗಳೆಲ್ಲ ಕೆರೆದುಕೊಳ್ಳುತ್ತಿದ್ದವು, ಹಾಗಾಗಿ ಅದು ರೋಗ ಎಂದು ಯಾರಿಗೂ ಅನ್ನಿಸಲಿಲ್ಲ, ಅಷ್ಟೇ. ಇದನ್ನು ಅಮ್ಮನಿಗೆ ಹೇಳಲು ಹೋಗಲಿಲ್ಲ.

ಇಲ್ಲಿನ ಪಶುವೈದ್ಯೆ ಅಲರ್ಜಿ ಎಂಬ ಮಾತನ್ನೇ ತಕ್ಷಣ ಎತ್ತಲಿಲ್ಲ. ಮೊದಲು ಚಿಗಟ ಇದೆಯೇ ಎಂದು ಬಾಚಿ ನೋಡಿದರು. ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ಕಜ್ಜಿಯ ನುಸಿ ಹುಡುಕಿದರು. ಆಹಾರದ ಅಲರ್ಜಿಯೋ ಎಂದು ತಿಳಿಯಲು ಎಂಟು ವಾರ ಒಂದೇ ಬಗೆಯ ವಿಶೇಷ ಆಹಾರ, ನಡುವೆ ಒಂದು ತುಂಡು ಬಿಸ್ಕತ್ತೂ ಇಲ್ಲ. ಇದನ್ನು ಪಾಲಿಸುವುದರಲ್ಲಿ ನಾಯಿಗಿಂತ ನನ್ನ ಗಂಡನಿಗೇ ಹೆಚ್ಚು ಕಷ್ಟವಾಯಿತು. ಇವೆಲ್ಲ ಅಲ್ಲ ಎಂದಾದ ಮೇಲೆ, ಋತು ನೋಡಿಕೊಂಡು ಬರುವ ಕೆರೆತ ಎಂಬ ಲೆಕ್ಕದಲ್ಲಿ ಚರ್ಮದ ತಜ್ಞರ ಬಳಿಗೆ ಕಳಿಸಿದರು.

ಅಲ್ಲಿಯ ಪರೀಕ್ಷೆ ನೋಡುವಂಥದ್ದು. ಮತ್ತು ಬರಿಸಿ ಪಕ್ಕೆಯ ಕೂದಲನ್ನು ಅಂಗೈಯಗಲ ಬೋಳಿಸಿದರು. ಪೆನ್ನಿನಿಂದ ಸಾಲಾಗಿ ಚುಕ್ಕೆ ಇಟ್ಟು, ಒಂದೊಂದು ಚುಕ್ಕೆಯ ಬಳಿ ಒಂದೊಂದು ಗಿಡದ ಪರಾಗದ ಸಾರವನ್ನು ಸಣ್ಣ ಸೂಜಿಯಲ್ಲಿ ಚರ್ಮದೊಳಕ್ಕೆ ಇಳಿಸಿದರು. ಕಾಲು ಗಂಟೆ ಕಳೆಯುವಷ್ಟರಲ್ಲಿ ಕೆಲವು ಕಡೆ ಸೊಳ್ಳೆ ಕಚ್ಚಿದಷ್ಟು ದದ್ದು ಎದ್ದವು. ಅವುಗಳ ಅಗಲ ಅಳೆದು ಪಟ್ಟಿ ಬರೆದುಕೊಟ್ಟರು. ಪಟ್ಟಿ ಓದಿ ನಾನು ದಂಗಾದೆ. ಹಿಪ್ಪುನೇರಳೆ ಇದ್ದೇ ಇತ್ತು. ಎರಡನೆಯದು ಇವರು ಬರ್ಮುಡಾ ಹುಲ್ಲು ಎಂದು ಕರೆಯುವ ನಮ್ಮ ಗರಿಕೆ. ಮೂರನೆಯದು ಮಳೆಗಾಲ ಮುಗಿಯುವ ಹೊತ್ತಿಗೆ ಇಲ್ಲಿ ಎಲ್ಲೆಲ್ಲೂ ಏಳುವ ಕಳೆ, ನಾವು ಬಸ್ಸಾರಿಗೆ ಹಾಕುವ ಕೀರೆ ಸೊಪ್ಪಿನ ಜಾತಿಯದೇ. ಏಳು ಸಮುದ್ರ ದಾಟಿ ಬಂದರೂ ನಾಯಿಗೆ ಆಗದಿರುವುದು ನಮ್ಮೂರ ಹೊಲದ ಬದುವಿನಲ್ಲಿ ಬೆಳೆಯುವುದೇ!

ಗರಿಕೆಯ ಪಂಚಾಯಿತಿ ಇನ್ನೂ ಮುಗಿದಿಲ್ಲ. ಅದು ಏಪ್ರಿಲ್‌ನಿಂದ ಹೆಚ್ಚುಕಡಿಮೆ ಸೆಪ್ಟೆಂಬರ್‌ವರೆಗೆ ಹೂ ಬಿಡುತ್ತಲೇ ಇರುತ್ತದೆ. ಹಿತ್ತಲಿನದನ್ನು ತೆಗೆಸಿ ಜಲ್ಲಿ ಹಾಕಿಸಿದೆವು. ಗಣೇಶನ ಹಬ್ಬಕ್ಕೆಂದು ಮಾತ್ರ ಒಂದು ಕುಂಡದಲ್ಲಿ, ಮುತ್ತುವಿನ ಮೂತಿಗೆ ಎಟುಕದಷ್ಟು ಎತ್ತರದಲ್ಲಿ ಇಟ್ಟುಕೊಂಡು ಹೂ ಬರುವ ಮುಂಚೆಯೇ ಕತ್ತರಿಸುತ್ತಿರುತ್ತೇನೆ. ಬೀದಿ ತುಂಬ ಗರಿಕೆಯಿರುವಾಗ ಇದರಿಂದ ಎಷ್ಟು ಉಪಯೋಗ ಎಂದು ಗಂಡ ಕೇಳುತ್ತಿರುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ಈ ಅಲರ್ಜಿ ವಾಸಿಯಾಗುವುದಲ್ಲ, ಸಂಭಾಳಿಸುವುದು. ಸಂಭಾಳಿಸುವುದರಲ್ಲಿ ಮುಕ್ಕಾಲು ಪಾಲು ನೀರಿನ ಕೆಲಸ. ಪರಾಗ ಮೂಗಿಗಿಂತ ಹೆಚ್ಚಾಗಿ ಚರ್ಮದ ಮೂಲಕ ನಾಯಿಯ ಮೈ ಸೇರುತ್ತದೆ ಎಂಬುದು ಈಗಿನ ತಿಳಿವಳಿಕೆ. ಅಲರ್ಜಿ ನಾಯಿಗಳ ಚರ್ಮದ ಹೊರಪದರವೇ ಅಷ್ಟು ಗಟ್ಟಿಯಾಗಿರುವುದಿಲ್ಲ. ಆದ್ದರಿಂದ ಮೈಮೇಲೆ ಕೂತದ್ದನ್ನು ಒಳಗೆ ಹೋಗುವ ಮುನ್ನ ತೊಳೆದುಬಿಡಬೇಕು. ಬಾಗಿಲ ಬಳಿ ಒಂದು ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಇರುತ್ತದೆ. ತಿರುಗಾಟ ಮುಗಿಸಿ ಬಂದವಳು ನಾಲ್ಕೂ ಕಾಲು ಅದ್ದಿಯೇ ಒಳಗೆ ಬರಬೇಕು. ಹೊರಗಿನಿಂದ ಬಂದವರು ಕಾಲು ತೊಳೆದು ಹೊಸ್ತಿಲು ದಾಟುವ ಮನೆಯಲ್ಲಿ ಬೆಳೆದ ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಹೊಸದಾಗಿ ಕಲಿತದ್ದು ಒರೆಸುವುದನ್ನು. ಬೆರಳ ಸಂದು ಒಂದೊಂದನ್ನೂ ಬಟ್ಟೆಯ ತುದಿ ತೂರಿಸಿ ಒಣಗಿಸಬೇಕು. ತೇವ ಉಳಿದರೆ ಯೀಸ್ಟ್ ಎಂಬ ಶಿಲೀಂಧ್ರ ಬೆಳೆದು, ಹುಳಿ ಹಿಡಿದ ಹಿಟ್ಟಿನ ವಾಸನೆ ಬರುತ್ತದೆ. ಆಮೇಲೆ ಅಲರ್ಜಿಯ ಜೊತೆಗೆ ಅದರ ಕೆರೆತವೂ ಸೇರುತ್ತದೆ. ಕಿವಿಯದೂ ಇದೇ ಕಥೆ.

ಪರಾಗದ ಕಾಲದಲ್ಲಿ ವಾರಕ್ಕೊಂದು ಸ್ನಾನ. ಔಷಧಿ ಶಾಂಪೂ ಹಚ್ಚಿ ಹತ್ತು ನಿಮಿಷ ಬಿಡಬೇಕು ಎಂದು ಸೀಸೆಯ ಮೇಲೆ ಬರೆದಿರುತ್ತದೆ. ಆ ಹತ್ತು ನಿಮಿಷ ಒದ್ದೆ ನಾಯಿಯನ್ನು ಬಚ್ಚಲಿನಲ್ಲಿ ನಿಲ್ಲಿಸಿಕೊಳ್ಳುವುದು ಹೇಗೆ ಎಂದು ಬರೆದಿರುವುದಿಲ್ಲ. ಬಿಸಿನೀರು ಕೂಡದು, ಕೆರೆತ ಹೆಚ್ಚುತ್ತದೆ. ಹಳೆಯ ಮನೆಗಳಲ್ಲಿರುವ ನೀರಿನ ಕೂಲರ್ ಹೊರಗಿನ ಗಾಳಿಯನ್ನೇ ಎಳೆದು ಒಳಗೆ ತುಂಬುತ್ತದೆ, ಜೊತೆಗೆ ಪರಾಗವೂ ಬರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ನಾವು ಅದನ್ನು ಹಾಕುವುದಿಲ್ಲ.

ಇನ್ನು ಔಷಧಿ. ಸ್ಟೀರಾಯ್ಡ್ ಮಾತ್ರೆ ಅಗ್ಗ, ಎರಡು ದಿನದಲ್ಲಿ ಕೆರೆತ ನಿಲ್ಲಿಸುತ್ತದೆ. ಆದರೆ ನಾಯಿಗೆ ವಿಪರೀತ ಬಾಯಾರಿಕೆ, ಹಸಿವು, ಗಳಿಗೆಗೊಮ್ಮೆ ಮೂತ್ರ. ತಿಂಗಳುಗಟ್ಟಲೆ ಕೊಟ್ಟರೆ ಬೇರೆ ತೊಂದರೆಗಳನ್ನೇ ತರುತ್ತದೆ. ಓಕ್ಲಾಸಿಟಿನಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2013ರಲ್ಲಿ ಅನುಮತಿ ಸಿಕ್ಕಿತು, ಅದು ಕೆರೆತದ ಸಂಕೇತವನ್ನೇ ತಡೆಯುತ್ತದೆ. ಮುತ್ತುವಿಗೆ ನಾವು ಹಾಕಿಸುತ್ತಿರುವುದು ಲೋಕಿವೆಟ್‌ಮ್ಯಾಬ್ ಎಂಬ ಚುಚ್ಚುಮದ್ದು. ಒಮ್ಮೆ ಹಾಕಿಸಿದರೆ ನಾಲ್ಕರಿಂದ ಎಂಟು ವಾರ ನೆಮ್ಮದಿ. ಜೊತೆಗೆ ಪಟ್ಟಿಯಲ್ಲಿದ್ದ ಪರಾಗಗಳನ್ನೇ ಅತಿ ಸಣ್ಣ ಪ್ರಮಾಣದಿಂದ ಶುರುಮಾಡಿ, ಮೆಲ್ಲನೆ ಹೆಚ್ಚಿಸುತ್ತ ಮೈಗೆ ಒಗ್ಗಿಸುವ ಚಿಕಿತ್ಸೆಯೂ ನಡೆದಿದೆ. ಅದು ಫಲಿಸಿತೋ ಇಲ್ಲವೋ ಎಂದು ಹೇಳಲು ಒಂದು ವರ್ಷ ಬೇಕು, ಎಲ್ಲ ನಾಯಿಗಳಿಗೂ ಫಲಿಸುವುದಿಲ್ಲ. ಖರ್ಚು ಕೇಳಬೇಡಿ. ಅಮ್ಮನಿಗೂ ಹೇಳಿಲ್ಲ.

ಊರಿನ ಕಡೆಯವರಿಗೆ ಎರಡು ಮಾತು. ಅಲ್ಲಿ ನಾಯಿ ಕೆರೆದುಕೊಳ್ಳುತ್ತಿದ್ದರೆ ಮೊದಲು ಉಣ್ಣೆ, ಚಿಗಟ, ಕಜ್ಜಿ ನೋಡಿಸಿ. ಪರಾಗದ ಮಾತು ಆಮೇಲೆ. ಮಳೆ ಬಿದ್ದ ಮೇಲಷ್ಟೇ ಹೆಚ್ಚುತ್ತದೆ ಎಂದಾದರೆ ಬದುವಿನ ಕಾಂಗ್ರೆಸ್ ಗಿಡವನ್ನೂ ಅನುಮಾನಿಸಬಹುದು, ಅದು ಮುಟ್ಟಿದರೂ ಚರ್ಮಕ್ಕೆ ಆಗದ ಗಿಡ. ಸುಟ್ಟ ಎಂಜಿನ್ ಆಯಿಲ್ ಬಳಿಯುವುದನ್ನು ದಯವಿಟ್ಟು ಬಿಡಿ. ನಾಯಿ ಅದನ್ನು ನೆಕ್ಕುತ್ತದೆ, ಅದು ವಿಷ. ಮನೆಯಲ್ಲಿರುವ ಶೀತದ ಮಾತ್ರೆಯನ್ನು ಅಲರ್ಜಿಗೆಂದು ಅರ್ಧ ಮುರಿದು ಕೊಡುವುದೂ ಬೇಡ. ಅದರಲ್ಲಿ ಪ್ಯಾರಸಿಟಮಾಲ್, ಮೂಗು ಬಿಡಿಸುವ ಔಷಧಿ ಎಲ್ಲ ಬೆರೆತಿರುತ್ತವೆ. ಬರೀ ಸೆಟಿರಿಜಿನ್ ಆದರೂ ಪ್ರಮಾಣವನ್ನು ಪಶುವೈದ್ಯರೇ ಹೇಳಬೇಕು, ಅದರ ಉಪಯೋಗವೂ ನಾಯಿಗಳಲ್ಲಿ ಅಷ್ಟಕ್ಕಷ್ಟೇ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಬಗೆಹರಿಯದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಮ್ಮವರಿಗೆ ದೂರವೇನಲ್ಲ.

ಹುಳು ಸಾಕುವವರಿಗೆ ಇನ್ನೊಂದು ಕಷ್ಟವಿದೆ. ಹೋದ ವಾರ ಸೋದರಮಾವ ಫೋನಿನಲ್ಲಿ, ನಾಯಿಗೆ ಉಣ್ಣೆ ವಿಪರೀತವಾಗಿದೆ, ಯಾವುದೋ ಔಷಧಿ ತಂದಿದ್ದೇನೆ, ನೀರಿಗೆ ಬೆರೆಸಿ ಹೊಡೆಯುತ್ತೇನೆ ಎಂದರು. ಸೀಸೆಯ ಮೇಲಿನ ಹೆಸರು ಓದಿಸಿದೆ, ಡೆಲ್ಟಾಮೆಥ್ರಿನ್. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆಯಿಂದ, ಎದ್ದು ಸೊಪ್ಪು ತಿನ್ನುತ್ತಿರುವ ಹೊತ್ತು. ಆ ಔಷಧಿಯ ಸೋಂಕು ಸೊಪ್ಪಿಗೆ ತಗುಲಿದರೂ ಸಾಕು, ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಡಲು ಹುಳುವೇ ಉಳಿಯುವುದಿಲ್ಲ. ಗೂಡು ಮಾರುಕಟ್ಟೆಗೆ ಹೋಗುವವರೆಗೆ ಆ ಸೀಸೆ ಮುಚ್ಚಿಡಿ, ಅಲ್ಲಿಯವರೆಗೆ ಉಣ್ಣೆಯನ್ನು ಚಿಮಟಿಗೆಯಲ್ಲಿ ಕಿತ್ತು ಸೋಪಿನ ನೀರಿಗೆ ಹಾಕಿ, ನಾಯಿಯನ್ನು ಹುಳುಮನೆಯ ಕಡೆ ಬಿಡಬೇಡಿ, ಬಾಯಿಗೆ ಕೊಡುವ ಮಾತ್ರೆ ಇದೆಯೇ ಎಂದು ಡಾಕ್ಟರನ್ನು ಕೇಳಿ, ನಾಯಿ ಮುಟ್ಟಿದ ಕೈಯನ್ನು ತೊಳೆಯದೆ ಸೊಪ್ಪು ಮುಟ್ಟಬೇಡಿ ಎಂದು ಒಂದೇ ಉಸಿರಿಗೆ ಹೇಳಿದೆ.

"ಸೊಪ್ಪು ಹಾಕುವವಳು ನಿಮ್ಮ ಅತ್ತೆ ಕಣಮ್ಮ, ಅವಳಿಗೇ ಹೇಳು" ಎಂದು ಮಾವ ಫೋನನ್ನು ಅತ್ತೆಯ ಕೈಗೆ ಕೊಟ್ಟರು. ಅತ್ತೆಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು.