ನಾಲ್ಕನೇ ಕ್ಲಾಸಿನ ಮೇ ತಿಂಗಳು

ಮೊನ್ನೆ ಮೈಸೂರಿಂದ ಅಕ್ಕ ಫೋನ್ ಮಾಡಿದ್ದಳು. ಮಗಳು ಈಗ ಎಷ್ಟನೇ ಕ್ಲಾಸು ಅಂತ ಕೇಳಿದಳು. ನಾಲ್ಕು ಅಂದೆ. "ಹಾಗಾದ್ರೆ ಇನ್ನೂ ಆರು ವರ್ಷ ಆರಾಮ ಬಿಡು. ಎಸ್ಸೆಸ್ಸೆಲ್ಸಿ ಬಂದಾಗ ತಲೆ ಕೆಡಿಸ್ಕೊಂಡ್ರಾಯ್ತು" ಅಂದಳು. ನನಗೆ ತಕ್ಷಣ ಮಾತು ಹೊರಡಲಿಲ್ಲ. ನಾವಿರುವುದು ಜರ್ಮನಿಯ ಬವೇರಿಯಾ ರಾಜ್ಯದಲ್ಲಿ, ಮ್ಯೂನಿಕ್ ಪಕ್ಕದ ಒಂದು ಸಣ್ಣ ಊರಿನಲ್ಲಿ. ಇಲ್ಲಿ ಮಕ್ಕಳ ದಾರಿ ಕವಲೊಡೆಯುವುದು ನಾಲ್ಕನೇ ಕ್ಲಾಸಿನಲ್ಲೇ. ಹತ್ತು ವರ್ಷಕ್ಕೆ. ಫೋನಿನಲ್ಲಿ ಅಷ್ಟೆಲ್ಲ ಬಿಡಿಸಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಿಂಡರ್‌ಗಾರ್ಟನ್. ಈ ಪದ ಹುಟ್ಟಿದ್ದೇ ಜರ್ಮನಿಯಲ್ಲಿ. ಥುರಿಂಗಿಯಾ ರಾಜ್ಯದ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಲ್ಲಿ ಫ್ರೀಡ್ರಿಷ್ ಫ್ರೋಬೆಲ್ ಎಂಬ ಮೇಷ್ಟ್ರು 1840ರಲ್ಲಿ ಈ ಹೆಸರಿಟ್ಟರು. ಮಕ್ಕಳ ತೋಟ ಅಂತ ಅರ್ಥ. ಮೂರರಿಂದ ಆರು ವರ್ಷದವರೆಗೆ ಮಕ್ಕಳು ಅಲ್ಲಿ ಇರುತ್ತಾರೆ. ಅದಕ್ಕೂ ಚಿಕ್ಕವರಿಗೆ ಕ್ರಿಪ್ಪೆ ಇದೆ. ಮಗುವಿಗೆ ಒಂದು ವರ್ಷ ತುಂಬಿದರೆ ಜಾಗ ಸಿಗುವುದು ಅದರ ಹಕ್ಕು ಅಂತ 2013ರ ಆಗಸ್ಟ್‌ನಿಂದ ಕಾನೂನೇ ಹೇಳುತ್ತದೆ. ಹಕ್ಕು ಇದೆ, ಆದರೆ ನೋಡಿಕೊಳ್ಳುವ ಸಿಬ್ಬಂದಿ ಸಾಲದು. ನಾವು ಒಂದು ವರ್ಷಕ್ಕೂ ಜಾಸ್ತಿ ಕಾದೆವು.

ಕಿಂಡರ್‌ಗಾರ್ಟನ್‌ನಲ್ಲಿ ಅಕ್ಷರ ಕಲಿಸುವುದಿಲ್ಲ. ಮಳೆ ಬರಲಿ, ಹಿಮ ಬೀಳಲಿ, ಮಕ್ಕಳನ್ನು ಹೊರಗೆ ಬಿಡುತ್ತಾರೆ. ಅದಕ್ಕೆಂದೇ ರಬ್ಬರಿನಂಥ ಒಂದು ಕೆಸರು ಪ್ಯಾಂಟು ಇರುತ್ತದೆ. ಸಂಜೆ ಕರೆದುಕೊಂಡು ಬರಲು ಹೋದರೆ ನಮ್ಮ ಮಗು ಯಾವುದು ಅಂತ ಗುರುತು ಸಿಗದಷ್ಟು ಮಣ್ಣು. ಊರಲ್ಲಿ ಎಲ್‌ಕೆಜಿ ಮಕ್ಕಳು ನೂರರವರೆಗೆ ಬರೆಯುತ್ತಿದ್ದಾಗ ನಮ್ಮವಳಿಗೆ ತನ್ನ ಹೆಸರು ಬಿಟ್ಟು ಬೇರೇನೂ ಬರೆಯಲು ಬರುತ್ತಿರಲಿಲ್ಲ. ಅಮ್ಮನಿಗೆ ಅದೇ ಚಿಂತೆ. ನನಗೂ ಭಯ ಇತ್ತು. ಈಗ ಹಿಂತಿರುಗಿ ನೋಡಿದರೆ ಆ ಮೂರು ವರ್ಷ ಅವಳಿಗೆ ಸಿಕ್ಕ ದೊಡ್ಡ ಆಸ್ತಿ ಅನ್ನಿಸುತ್ತದೆ. ಜಗಳ ಬಿಡಿಸುವುದು, ತನ್ನ ಸರದಿಗೆ ಕಾಯುವುದು, ಜಿಪ್ ತಾನೇ ಹಾಕಿಕೊಳ್ಳುವುದು ಎಲ್ಲ ಅಲ್ಲೇ ಕಲಿತಳು.

ಒಂದನೇ ಕ್ಲಾಸಿನ ಮೊದಲ ದಿನ ಇಲ್ಲಿ ಹಬ್ಬ. ಮಗುವಿನ ಎದೆಮಟ್ಟಕ್ಕೆ ಬರುವ ಒಂದು ದೊಡ್ಡ ಕಾಗದದ ಶಂಕು ಮಾಡುತ್ತಾರೆ, ಶೂಲ್‌ಟ್ಯೂಟೆ ಅಂತ ಅದರ ಹೆಸರು. ಒಳಗೆ ಪೆನ್ಸಿಲ್ಲು, ಬಣ್ಣ, ಚಾಕಲೇಟು, ಸಣ್ಣಪುಟ್ಟ ಉಡುಗೊರೆ. ನಾನು ಎರಡು ರಾತ್ರಿ ಕೂತು ಅದಕ್ಕೆ ನವಿಲು ಕತ್ತರಿಸಿ ಅಂಟಿಸಿದೆ. ಆ ದಿನ ಬೆಳಿಗ್ಗೆ ಸ್ಟೀಲ್ ತಟ್ಟೆಯಲ್ಲಿ ಅಕ್ಕಿ ಹರಡಿ, ಅವಳ ಬೆರಳು ಹಿಡಿದು ಓಂ ಬರೆಸಿದೆವು. ಆಮೇಲೆ ಅವಳು ಆ ಶಂಕು ತಬ್ಬಿಕೊಂಡು ಹೊರಟಳು. ಅಕ್ಕಿಯ ಒಂದೆರಡು ಕಾಳು ಅವಳ ಫ್ರಾಕಿಗೆ ಅಂಟಿಕೊಂಡೇ ಇದ್ದವು.

ಪ್ರಾಥಮಿಕ ಶಾಲೆಗೆ ಗ್ರುಂಡ್‌ಶೂಲೆ ಅಂತಾರೆ. ನಾಲ್ಕು ವರ್ಷ. ಮಧ್ಯಾಹ್ನದ ಹೊತ್ತಿಗೆ ಪಾಠ ಮುಗಿದುಬಿಡುತ್ತದೆ. ಮುಂದಿನ ಹೊತ್ತಿಗೆ ಬೇರೆ ಏರ್ಪಾಡು ಮಾಡಿಕೊಳ್ಳಬೇಕು. ಈ ಕಾರಣಕ್ಕೇ ಎಷ್ಟೋ ತಾಯಂದಿರು ಅರ್ಧ ದಿನದ ಕೆಲಸಕ್ಕೆ ಇಳಿದಿದ್ದಾರೆ. ಒಂದನೇ ಕ್ಲಾಸಿನ ಮಕ್ಕಳಿಗೆ ಇಡೀ ದಿನದ ಆರೈಕೆಯ ಹಕ್ಕು ಅಂತ ಕಾನೂನು ಮಾಡಿದ್ದಾರೆ, ಅದು ಜಾರಿಗೆ ಬರುವುದು 2026ರ ಆಗಸ್ಟ್‌ನಿಂದ. ನನ್ನ ಮಟ್ಟಿಗೆ ತಡವಾಯಿತು.

ಶಾಲೆಗೆ ಹೋಗುವುದು ಇಲ್ಲಿ ಕಡ್ಡಾಯ. ಮನೆಯಲ್ಲೇ ಓದಿಸುತ್ತೇನೆ ಅನ್ನುವ ಹಾಗಿಲ್ಲ. ರಜೆಗೆ ಎರಡು ದಿನ ಮೊದಲೇ ವಿಮಾನ ಹತ್ತಿಸಿದರೆ ದಂಡ ಬೀಳಬಹುದು. ಬವೇರಿಯಾದಲ್ಲಿ ಪೊಲೀಸರು ವಿಮಾನ ನಿಲ್ದಾಣದಲ್ಲಿ ಮಕ್ಕಳಿರುವ ಕುಟುಂಬಗಳನ್ನು ಕೇಳಿದ್ದೂ ಉಂಟು. ಬೇಸಿಗೆ ರಜೆ ಆಗಸ್ಟ್‌ನ ಆಸುಪಾಸಿಗೆ ಶುರುವಾಗಿ ಸೆಪ್ಟೆಂಬರ್ ನಡುವೆ ಮುಗಿಯುತ್ತದೆ. ಹಾಗಾಗಿ ನಾವು ಊರಿಗೆ ಬರುವಾಗ ಮಾವಿನಹಣ್ಣಿನ ಕಾಲ ಮುಗಿದಿರುತ್ತದೆ. ತಮ್ಮನ ಮದುವೆ ಫೆಬ್ರವರಿಯಲ್ಲಿತ್ತು. ನಾನೊಬ್ಬಳೇ ಬಂದು ಹೋದೆ.

ಈಗ ನಾಲ್ಕನೇ ಕ್ಲಾಸಿನ ವಿಷಯಕ್ಕೆ ಬರುತ್ತೇನೆ. ಜರ್ಮನಿಯಲ್ಲಿ 16 ರಾಜ್ಯಗಳಿವೆ. ಶಾಲಾ ಶಿಕ್ಷಣ ರಾಜ್ಯಗಳ ಕೈಯಲ್ಲಿದೆ. ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗ್‌ನಲ್ಲಿ ಮಕ್ಕಳು ಆರು ವರ್ಷ ಒಟ್ಟಿಗೆ ಓದುತ್ತಾರೆ. ಕೆಲವು ರಾಜ್ಯಗಳಲ್ಲಿ ಮುಂದೆ ಯಾವ ಶಾಲೆ ಅನ್ನುವುದನ್ನು ಕೊನೆಗೆ ಹೆತ್ತವರೇ ತೀರ್ಮಾನ ಮಾಡಬಹುದು. ಬವೇರಿಯಾದಲ್ಲಿ ಅಂಕವೇ ತೀರ್ಮಾನ ಮಾಡುತ್ತದೆ. ಮೂರು ವಿಷಯ ಲೆಕ್ಕಕ್ಕೆ ಬರುತ್ತವೆ: ಜರ್ಮನ್, ಗಣಿತ, ಮತ್ತೆ ಸಮಾಜ, ವಿಜ್ಞಾನ ಎರಡನ್ನೂ ಸೇರಿಸಿದ, ನಮ್ಮ ಪರಿಸರ ಪಾಠದ ಥರದ ಒಂದು ವಿಷಯ. ಇಲ್ಲಿ 1 ಅಂದರೆ ಎಲ್ಲಕ್ಕಿಂತ ಒಳ್ಳೆಯದು, 6 ಅಂದರೆ ಫೇಲು. ಮೂರರ ಸರಾಸರಿ 2.33 ಒಳಗೆ ಇದ್ದರೆ ಗಿಮ್ನಾಜಿಯಂ, ಅಂದರೆ ಯೂನಿವರ್ಸಿಟಿಗೆ ನೇರ ದಾರಿಯ ಶಾಲೆ. 2.66ರ ತನಕ ರೆಯಾಲ್‌ಶೂಲೆ, ಹತ್ತನೇ ಕ್ಲಾಸಿನವರೆಗಿನ ನಡುವಿನ ಹಂತದ ಶಾಲೆ. ಅದನ್ನೂ ದಾಟಿದರೆ ಮಿಟ್ಟೆಲ್‌ಶೂಲೆ, ಕಸುಬಿನ ಕಡೆ ಹೆಚ್ಚು ಒತ್ತು ಕೊಡುವ ಶಾಲೆ. ಮೇ ತಿಂಗಳ ಶುರುವಿನಲ್ಲಿ ಈ ಸರ್ಟಿಫಿಕೇಟು ಕೈಗೆ ಬರುತ್ತದೆ.

ಬೆರಳಲ್ಲಿ ಎಣಿಸುವುದಾದರೆ, ಮೂರು ಅಂಕ ಕೂಡಿ ಏಳು ಬಂದರೆ ಒಂದು ಶಾಲೆ, ಎಂಟು ಬಂದರೆ ಇನ್ನೊಂದು. ನಮ್ಮವಳಿಗೆ ಗಣಿತದಲ್ಲಿ 2. ಜರ್ಮನ್‌ನಲ್ಲಿ 3. ಪರಿಸರದಲ್ಲಿ ಎರಡಕ್ಕೂ ಮೂರಕ್ಕೂ ನಡುವೆ ತೂಗುತ್ತಿದೆ. ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿದ್ದೇನೆ, ಪ್ರತಿ ಟೆಸ್ಟಿನ ಅಂಕ ಬರೆದಿಡಲು. ಅದನ್ನು ನಾನೇ ದಿನಕ್ಕೆ ಹತ್ತು ಸಲ ನೋಡುತ್ತೇನೆ. ಅವಳು ಒಂದು ಸಲವೂ ನೋಡುವುದಿಲ್ಲ. ಅವಳಿಗೆ ಈ ವರ್ಷದ ದೊಡ್ಡ ಸಂಗತಿ ಸೈಕಲ್ ಪರೀಕ್ಷೆ. ನಾಲ್ಕನೇ ಕ್ಲಾಸಿನಲ್ಲಿ ಪೊಲೀಸರೇ ಬಂದು ಮಕ್ಕಳಿಗೆ ರಸ್ತೆಯಲ್ಲಿ ಸೈಕಲ್ ಓಡಿಸಲು ಕಲಿಸುತ್ತಾರೆ. ಕೈ ಚಾಚಿ ಸನ್ನೆ ಮಾಡುವುದು, ಭುಜದ ಮೇಲಿಂದ ಹಿಂದೆ ನೋಡುವುದು, ಎಡಕ್ಕೆ ತಿರುಗುವುದು. ಅದರಲ್ಲಿ ಪಾಸಾದ ಕಾರ್ಡನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದಳು.

ಹತ್ತು ವರ್ಷದ ಮಗುವನ್ನು ಹೀಗೆ ಬೇರೆ ಮಾಡುವುದು ತಪ್ಪು ಅಂತಲೇ ನನ್ನ ನಂಬಿಕೆ. ಅದರಲ್ಲೂ ಹೊರಗಿಂದ ಬಂದ ಮಕ್ಕಳಿಗೆ. ಮನೆಯಲ್ಲಿ ಕನ್ನಡ ಮಾತಾಡುವ ಮಗು ಜರ್ಮನ್ ಪ್ರಬಂಧದಲ್ಲಿ ಎಡವುವುದು ಸಹಜ ಅಲ್ವಾ? ಮೂರರಲ್ಲಿ ಒಂದು ಪಾಲು ಅದೇ. ನಮಗೆ ಗೊತ್ತಿರುವ ಒಂದು ಕುಟುಂಬ ದಾವಣಗೆರೆಯಿಂದ ಬಂದಾಗ ಹುಡುಗನಿಗೆ ಎಂಟು ವರ್ಷ. ಗಣಿತದಲ್ಲಿ ಚುರುಕು. ಎರಡು ವರ್ಷದಲ್ಲಿ ಭಾಷೆ ಎಷ್ಟು ಬಂದೀತು? ಮಿಟ್ಟೆಲ್‌ಶೂಲೆಗೆ ಹೋದ. ಇಲ್ಲಿ ಒಂದನೇ ಕ್ಲಾಸಿನಿಂದ ಓದದೆ ನಡುವೆ ಬಂದು ಸೇರಿದ ಮಕ್ಕಳಿಗೆ ಸರಾಸರಿಯಲ್ಲಿ ಸಡಿಲಿಕೆ ಇದೆ. ಅದನ್ನು ಅವರಿಗೆ ಯಾರೂ ಹೇಳಲಿಲ್ಲ. ಕೇಳಬೇಕು ಅಂತ ಅವರಿಗೂ ಗೊತ್ತಿರಲಿಲ್ಲ. ನೀವು ಮಕ್ಕಳ ಜೊತೆ ಈ ಕಡೆ ಬರುವವರಾದರೆ ಮೂರನೇ ಕ್ಲಾಸಿನಲ್ಲೇ ಹೋಗಿ ಕೇಳಿ, ದಯವಿಟ್ಟು. 2001ರ ಡಿಸೆಂಬರ್‌ನಲ್ಲಿ ಪಿಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯ ಫಲಿತಾಂಶ ಬಂದಾಗ ಈ ದೇಶವೇ ಬೆಚ್ಚಿಬಿದ್ದಿತ್ತಂತೆ. ಮಕ್ಕಳ ಓದು ಅವರ ಮನೆಯ ಸ್ಥಿತಿಗತಿಗೆ ಇಲ್ಲಿ ಎಷ್ಟು ಅಂಟಿಕೊಂಡಿದೆ ಅಂತ ಆಗ ಎಲ್ಲರಿಗೂ ಕಂಡಿತು. ಇಂದಿಗೂ ಆ ಅಂಟು ಬಿಟ್ಟಿಲ್ಲ.

ಹಾಗಂತ ಒಂದು ಸಲ ಮುಚ್ಚಿದ ಬಾಗಿಲು ಮತ್ತೆ ತೆರೆಯುವುದೇ ಇಲ್ಲ ಅಂತೇನಿಲ್ಲ. ಅದನ್ನು ನನಗೆ ತೋರಿಸಿಕೊಟ್ಟದ್ದು ಪಕ್ಕದ ಮನೆಯ ಹುಡುಗ.

ಗಿಮ್ನಾಜಿಯಂ ಬವೇರಿಯಾದಲ್ಲಿ ಈಗ ಮತ್ತೆ 13ನೇ ಕ್ಲಾಸಿನವರೆಗೆ. ನಡುವೆ ಒಂದು ವರ್ಷ ಕಡಿಮೆ ಮಾಡಿದ್ದರು, ಮಕ್ಕಳ ಮೇಲೆ ಒತ್ತಡ ಜಾಸ್ತಿಯಾಯಿತು ಅಂತ 2018ರಿಂದ ಹಿಂದಕ್ಕೆ ತಂದರು. ಕೊನೆಗೆ ಆಬಿಟೂರ್ ಪರೀಕ್ಷೆ, ಅದಾದರೆ ಯೂನಿವರ್ಸಿಟಿ. ಪಕ್ಕದ ಮನೆಯ ಹುಡುಗ ಆ ದಾರಿಯಲ್ಲಿ ಹೋಗಲಿಲ್ಲ. ಅವನು ರೆಯಾಲ್‌ಶೂಲೆಯಲ್ಲಿ ಹತ್ತನೇ ಕ್ಲಾಸು ಮುಗಿಸಿದ. ಹದಿನಾರು ವರ್ಷ. ಸೀದಾ ಒಂದು ಕಾರ್ಖಾನೆಯಲ್ಲಿ ಮೆಕಾಟ್ರಾನಿಕ್ಸ್ ತರಬೇತಿಗೆ ಸೇರಿದ. ಇದನ್ನು ಔಸ್‌ಬಿಲ್ಡುಂಗ್ ಅಂತಾರೆ. ವಾರದಲ್ಲಿ ಮೂರು ನಾಲ್ಕು ದಿನ ಕಾರ್ಖಾನೆ, ಒಂದೆರಡು ದಿನ ವೃತ್ತಿ ಶಾಲೆ. ಮೊದಲ ತಿಂಗಳಿಂದಲೇ ಸಂಬಳ. ಅವನದು ಮೂರೂವರೆ ವರ್ಷದ ತರಬೇತಿ. ಹೀಗೆ ಕಲಿಯಬಹುದಾದ ಕಸುಬು ಈ ದೇಶದಲ್ಲಿ 300ಕ್ಕೂ ಜಾಸ್ತಿ ಇವೆ. ಬ್ರೆಡ್ ಮಾಡುವವರು, ಕನ್ನಡಕ ಮಾಡುವವರು, ಬ್ಯಾಂಕಿನಲ್ಲಿ ಕೂರುವವರು, ಹೊಗೆಗೂಡು ಗುಡಿಸುವವರು, ಪಿಯಾನೋ ಕಟ್ಟುವವರು, ಎಲ್ಲರಿಗೂ ಪಠ್ಯ ಇದೆ, ಪರೀಕ್ಷೆ ಇದೆ, ಸರ್ಟಿಫಿಕೇಟು ಇದೆ.

ಅವನು ಮೊದಲ ವರ್ಷ ಒಂದು ಸಣ್ಣ ಉಕ್ಕಿನ ತುಂಡು ತಂದು ನಮಗೆ ತೋರಿಸಿದ್ದ. ಅರ ಹಿಡಿದು ಕೈಯಲ್ಲೇ ಉಜ್ಜಿ ಉಜ್ಜಿ ಚೌಕ ಮಾಡಿದ್ದು. ಬೆರಳಿಟ್ಟರೆ ಕನ್ನಡಿಯ ಹಾಗೆ ಜಾರುತ್ತಿತ್ತು. ಅವನ ಅಂಗೈಯಲ್ಲಿ ಗುಳ್ಳೆ ಎದ್ದು ಒಣಗಿದ ಗುರುತಿತ್ತು. ನನಗೆ ಕೂಡಲೇ ದೊಡ್ಡಮಾವ ನೆನಪಾದರು. ಅವರು ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಅಪ್ರೆಂಟಿಸ್ ಆಗಿದ್ದವರು. ಇಲ್ಲಿನ ಬಾಷ್ ಕಂಪನಿಯ ಜೊತೆ ಸೇರಿ ಕಟ್ಟಿದ ಕಾರ್ಖಾನೆ ಅದು. ತಿಂಗಳುಗಟ್ಟಲೆ ಬರೀ ಅರ ಉಜ್ಜಿಸಿದ್ದರು ಅಂತ ಅವರೂ ಹೇಳುತ್ತಿದ್ದರು. ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಇರುತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಡಿಮೆ ಬಂದವರು ಹೋಗುವ ಜಾಗ ಐಟಿಐ ಅಂತ ನಾವು ಮಾತಾಡುತ್ತೇವಲ್ಲ, ಅದು ನೆನಪಾದರೆ ಈಗ ಸಂಕಟವಾಗುತ್ತದೆ. ಇಲ್ಲಿ ಒಬ್ಬ ಮೈಸ್ಟರ್, ಅಂದರೆ ಕಸುಬಿನಲ್ಲಿ ಮೇಲಿನ ಪರೀಕ್ಷೆ ಪಾಸಾದವರು, ಸರ್ಕಾರದ ಅರ್ಹತಾ ಪಟ್ಟಿಯಲ್ಲಿ ಬ್ಯಾಚುಲರ್ ಡಿಗ್ರಿಯವರ ಜೊತೆ ಒಂದೇ ಮೆಟ್ಟಿಲಿನಲ್ಲಿ ನಿಲ್ಲುತ್ತಾರೆ. ಆರನೇ ಮೆಟ್ಟಿಲು. ಬೇಕಾದರೆ ಅವರು ಯೂನಿವರ್ಸಿಟಿಗೂ ಸೇರಬಹುದು, ಆಬಿಟೂರ್ ಇಲ್ಲದೆಯೇ.

ಆ ಹುಡುಗ ತರಬೇತಿ ಮುಗಿಸಿ ಒಂದು ವರ್ಷ ದುಡಿದ. ಆಮೇಲೆ ಕೆಲಸ ಕಲಿತವರಿಗೆಂದೇ ಇರುವ ಮೇಲಿನ ಶಾಲೆಯೊಂದಕ್ಕೆ ಒಂದು ವರ್ಷ ಹೋದ. ಈಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ನಾಲ್ಕನೇ ಕ್ಲಾಸಿನಲ್ಲಿ ಅವನಿಗೆ ಎಂಟು ಬಂದಿತ್ತಂತೆ. ಅವನ ತಾಯಿಯೇ ಹೇಳಿದ್ದು. ಆ ಮೇ ತಿಂಗಳಲ್ಲಿ ಅವರು ಅತ್ತಿದ್ದರಂತೆ.

ಯೂನಿವರ್ಸಿಟಿ ಬಗ್ಗೆ ಊರಲ್ಲಿ ಎಲ್ಲರೂ ಕೇಳುತ್ತಾರೆ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಎರಡು ಬಗೆ ಇದೆ: ಸಂಶೋಧನೆಗೆ ಒತ್ತು ಕೊಡುವ ಯೂನಿವರ್ಸಿಟಿಗಳು, ಕೆಲಸಕ್ಕೆ ಹತ್ತಿರವಾದ ಫಾಖ್‌ಹೋಖ್‌ಶೂಲೆಗಳು. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರಿಗೆ ಒಂದು ಸಣ್ಣ ಮೊತ್ತ ಕಟ್ಟಿದರೆ ಸಾಕು. ಬವೇರಿಯಾದಲ್ಲಿ 2007ರಿಂದ ಶುಲ್ಕ ಹಾಕಿದ್ದರು. ಜನರೇ ಸಹಿ ಹಾಕಿ ಒತ್ತಾಯ ಮಾಡಿ 2013ರಲ್ಲಿ ತೆಗೆಸಿದರು. ಆದರೆ ಯೂರೋಪಿನ ಹೊರಗಿನವರಿಗೆ ಮ್ಯೂನಿಕ್ ತಾಂತ್ರಿಕ ಯೂನಿವರ್ಸಿಟಿ 2024ರ ಚಳಿಗಾಲದ ಸೆಮಿಸ್ಟರಿನಿಂದ ಶುಲ್ಕ ಶುರು ಮಾಡಿದೆ. ಬಾಡೆನ್ ವುರ್ಟೆಂಬೆರ್ಗ್ ರಾಜ್ಯದಲ್ಲಿ ಅಂಥವರಿಗೆ ಸೆಮಿಸ್ಟರಿಗೆ 1500 ಯೂರೋ. ಜರ್ಮನಿ ಅಂದರೆ ಪೂರ್ತಿ ಫ್ರೀ ಅಂತ ನಂಬಿಕೊಂಡು ಯಾರೂ ಸಾಲ ಮಾಡಿ ಹೊರಡಬೇಡಿ. ಇನ್ನೊಂದು ವಿಷಯ, ಬರೀ ಸೆಕೆಂಡ್ ಪಿಯುಸಿ ಇಟ್ಟುಕೊಂಡು ಬಂದರೆ ಸಾಮಾನ್ಯವಾಗಿ ನೇರ ಸೀಟು ಸಿಗುವುದಿಲ್ಲ. ಊರಲ್ಲಿ ಒಂದು ವರ್ಷ ಡಿಗ್ರಿ ಓದಿರಬೇಕು, ಇಲ್ಲವೇ ಇಲ್ಲಿ ಒಂದು ವರ್ಷದ ತಯಾರಿ ಕಾಲೇಜು ಮಾಡಬೇಕು.

ಇವತ್ತು ರಾತ್ರಿ ಊಟ ಆದ ಮೇಲೆ ಮಗಳು ಪರಿಸರದ ಪುಸ್ತಕ ತೆಗೆದಳು. ಮುಂದಿನ ಮಂಗಳವಾರ ಕೊನೆಯ ಟೆಸ್ಟು. ವಿಷಯ ಬವೇರಿಯಾದ ನದಿಗಳು. ಇಲ್ಲಿನ ಮಕ್ಕಳಿಗೆ ಅದಕ್ಕೊಂದು ಪದ್ಯವೇ ಇದೆ, ತಲೆಮಾರಿನಿಂದ ಬಂದದ್ದು. ಇಲ್ಲರ್, ಲೆಖ್, ಇಸಾರ್, ಇನ್ ಬಲಗಡೆಯಿಂದ ಡಾನ್ಯೂಬ್ ಸೇರುತ್ತವೆ, ಆಲ್ಟ್‌ಮ್ಯೂಲ್, ನಾಬ್, ರೇಗೆನ್ ಎದುರುಗಡೆಯಿಂದ. ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಆಮೇಲೆ ಪೆನ್ನು ಕಚ್ಚುತ್ತಾ, "ಅಮ್ಮಾ, ಕಾವೇರಿಗೆ ಯಾರ್ಯಾರು ಸೇರ್ತಾರೆ?" ಅಂತ ಕೇಳಿದಳು. ಹೇಮಾವತಿ, ಶಿಂಷಾ, ಅರ್ಕಾವತಿ ಎಡಗಡೆಯಿಂದ ಅಂದೆ. ಲಕ್ಷ್ಮಣತೀರ್ಥ, ಕಪಿಲೆ ಬಲಗಡೆಯಿಂದ. ಅವಳು ನೋಟ್‌ಬುಕ್ಕಿನ ಕೊನೆಯ ಹಾಳೆ ತಿರುಗಿಸಿ, ನೀಲಿ ಶಾಯಿಯಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದು, ಐದೂ ನದಿಗಳನ್ನು ಕನ್ನಡದಲ್ಲಿ ಬರೆದುಕೊಂಡಳು. ಶಿಂಷಾದ ಷಕಾರಕ್ಕೆ ಮಾತ್ರ ನನ್ನ ಕೈ ಹಿಡಿದಳು.